ಆಲ್ಟೋದವರಿಗೊಂದು ಹಾಡು

ಮೊನ್ನೆ ಮೇಜಿನ ಖಾನೆಯಲ್ಲಿ ಹಲ್ಲುಸೆಟ್ಟಿನ ಡಬ್ಬಿಗಾಗಿ ತಡಕಾಡುತ್ತಿದ್ದಾಗ ನನ್ನ ಹಳೆಯ ಟ್ಯೂನಿಂಗ್ ಫೋರ್ಕ್ ಕೈಗೆ ಸಿಕ್ಕಿತು. ನೋಡದವರಿಗಾಗಿ ಹೇಳುತ್ತೇನೆ: ಅದು ಎರಡು ಕಾಲುಗಳ ಒಂದು ಉಕ್ಕಿನ ಕವೆ. ಮೊಣಕಾಲಿಗೆ ಬಡಿದು ಕಿವಿಯ ಹತ್ತಿರ ಹಿಡಿದರೆ ಒಂದೇ ಒಂದು ಸ್ವರವನ್ನು ಹೇಳುತ್ತದೆ. ಯಾರು ಕೇಳಿದರೂ, ಎಷ್ಟು ಸಲ ಕೇಳಿದರೂ ಅದನ್ನೇ ಹೇಳುತ್ತದೆ. ಇಂಥ ನಿಷ್ಠೆಯನ್ನು ನಾನು ಮನುಷ್ಯರಲ್ಲಿ ಕಂಡದ್ದು ಕಡಿಮೆ. ಸೊಸೆ ಇದನ್ನು ಭರಣಿಯಿಂದ ಮಾವಿನ ಮಿಡಿ ಎತ್ತುವ ಸಲಕರಣೆ ಎಂದುಕೊಂಡು ಸ್ವಲ್ಪ ಕಾಲ ಬಳಸಿ, ಮಿಡಿ ಜಾರಿ ಬೀಳುತ್ತದೆಂಬ ಕಾರಣಕ್ಕೆ ಕೆಲಸದಿಂದ ವಜಾ ಮಾಡಿ ಖಾನೆಗೆ ಹಾಕಿದ್ದಳಂತೆ. ಬಡಿದು ನೋಡಿದೆ. ಸ್ವರ ಸರಿಯಾಗಿಯೇ ಇತ್ತು. ಸ್ವಲ್ಪ ಇಂಗಿನ ವಾಸನೆ ಸೇರಿತ್ತು, ಅಷ್ಟೆ.

ಆ ಸ್ವರ ಕಿವಿಗೆ ಬಿದ್ದಾಗ, ಎಷ್ಟೋ ವರ್ಷ ದೇವರ ಸ್ತುತಿ ಹಾಡಿಸಿದ ನನಗೆ ನೆನಪಾಗಬೇಕಾದದ್ದು ದೇವರು. ನೆನಪಾದದ್ದು ಸುಂದರ ಮಾಸ್ಟ್ರು. ಹೊಟ್ಟೆಯೊಳಗೆ ಏನೋ ಚುರ್ರೆಂದಿತು. ವೈದ್ಯರು ಇದನ್ನು ಆಮ್ಲ ಎನ್ನುತ್ತಾರೆ. ವೈದ್ಯರಿಗೆ ಸುಂದರ ಮಾಸ್ಟ್ರ ಪರಿಚಯವಿಲ್ಲ.

ಹೊಟ್ಟೆಕಿಚ್ಚನ್ನು ದೊಡ್ಡವರು ಪಾಪಗಳ ಸಾಲಿಗೆ ಸೇರಿಸಿದ್ದಾರೆ. ಅವರಲ್ಲಿ ಯಾರೂ ಗಾಯನ ಮಂಡಳಿ ನಡೆಸಿದವರಲ್ಲ ಎಂಬುದು ಅದರಿಂದಲೇ ತಿಳಿಯುತ್ತದೆ. ಪಾಪವೆಂದ ಮೇಲೆ ಅದರಲ್ಲಿ ಲೇಶವಾದರೂ ಸುಖ ಇರಬೇಕು. ಹೊಟ್ಟೆಕಿಚ್ಚಿನಲ್ಲಿ ಸುಖವೆಲ್ಲಿದೆ? ಅದು ಬರೀ ದುಡಿಮೆ. ನಾನು ಪುತ್ತೂರಿನಲ್ಲಿ ಅಧ್ಯಾಪಕನಾಗಿದ್ದ ಕಾಲದಲ್ಲಿ ಶಾಲೆಗೆ ರಜೆ ಇತ್ತು, ಚರ್ಚಿನ ಕೆಲಸಕ್ಕೂ ಆಗೀಗ ಬಿಡುವಿತ್ತು. ಇದಕ್ಕೆ ಮಾತ್ರ ಭಾನುವಾರವೂ ಇರಲಿಲ್ಲ. ಭಾನುವಾರ ಸ್ವಲ್ಪ ಹೆಚ್ಚೇ ಇತ್ತು.

ಇದು ಐವತ್ತರ ದಶಕದ ಮಾತು. ಶಾಲೆಯಲ್ಲಿ ಭೂಗೋಳ ಕಲಿಸುವುದು ನನ್ನ ವೃತ್ತಿ, ನಮ್ಮ ಸಭೆಯ ಚರ್ಚಿನಲ್ಲಿ ಗಾಯನ ಮಂಡಳಿ ನಡೆಸುವುದು ನನ್ನ ಪದವಿ. ವೃತ್ತಿಗೆ ಸಂಬಳವಿತ್ತು, ಪದವಿಗೆ ಗೌರವವಿತ್ತು. ತಿಂಗಳ ಕೊನೆಗೆ ಎರಡೂ ಸಾಲುತ್ತಿರಲಿಲ್ಲ. ನಮ್ಮದು ನಾಲ್ಕು ಧ್ವನಿಗಳ ಹಾಡುಗಾರಿಕೆ. ಟ್ರೆಬಲ್ ಎಂದರೆ ಎತ್ತರದ ಕಂಠದ ಹೆಂಗಸರು, ಹಾಡಿನ ರಾಗವೆಲ್ಲ ಅವರದ್ದು. ಅವರ ಕೆಳಗೆ ತಗ್ಗಿನ ಕಂಠದ ಹೆಂಗಸರು, ಆಲ್ಟೋದವರು. ಗಂಡಸರಲ್ಲಿ ಮೇಲಿನವರು ಟೆನರ್, ಪಾತಾಳದವರು ಬಾಸ್. ಇದನ್ನು ಒಂದು ಮನೆಗೆ ಹೋಲಿಸುವುದಾದರೆ ಟ್ರೆಬಲ್ ಹೆಂಚು, ಬಾಸ್ ನೆಲದಡಿಯ ಪಂಚಾಂಗ, ಟೆನರ್ ಕಿಟಕಿ. ಆಲ್ಟೋ ಗೋಡೆಯೊಳಗಿನ ಕಲ್ಲು. ಗೋಡೆಯೊಳಗಿನ ಕಲ್ಲನ್ನು ನೋಡಿ ಆಹಾ ಎಂದವರನ್ನು ನಾನು ಕಂಡಿಲ್ಲ. ಆಲ್ಟೋದವರಿಗೆ ಇಡೀ ಹಾಡಿನಲ್ಲಿ ಸಿಗುವುದು ಎರಡೋ ಮೂರೋ ಸ್ವರ. ಸೋ ಸೋ ಸೋ ಎಂದು ಕಾಯುತ್ತ ನಿಂತು, ನಡುವೆ ಒಮ್ಮೆ ಲಾ ಎಂದು, ಅದೇ ದೊಡ್ಡ ಪ್ರವಾಸವೆಂಬಂತೆ ಪುನಃ ಸೋ ಎಂದು ಮನೆಗೆ ಬಂದುಬಿಡಬೇಕು.

ನನ್ನ ಹೆಂಡತಿ ಮಾರ್ತಾ ಆಲ್ಟೋದವಳು. ಮದುವೆಯಾದ ವರ್ಷವೇ ಅವಳ ಕಂಠವನ್ನು ಪರೀಕ್ಷಿಸಿ ಆಲ್ಟೋದ ಬೆಂಚಿನಲ್ಲಿ ಕೂರಿಸಿದವನು ನಾನೇ.

ಈ ಸೋ ಲಾ ಎಂಬ ವಿದ್ಯೆ ನನಗೆ ಬಂದದ್ದು ಅಪ್ಪನಿಂದ. ಅವರೂ ಗಾಯನ ನಡೆಸಿದವರು. ಒಂದೊಂದು ಸ್ವರಕ್ಕೆ ಒಂದೊಂದು ಕೈಸನ್ನೆ ಇದೆ. ಡೋ ಎಂದರೆ ಮುಷ್ಟಿ, ಸೋ ಎಂದರೆ ಅಂಗೈ ಎದೆಯ ಕಡೆ, ಹೀಗೆ. ಅಪ್ಪ ಮಾತು ಕಡಿಮೆಯ ಮನುಷ್ಯ. ಮನೆಯಲ್ಲಿಯೂ ಹೆಚ್ಚಿನ ಕಾರುಬಾರನ್ನು ಸನ್ನೆಯಲ್ಲೇ ನಡೆಸುತ್ತಿದ್ದರು. ಅಂಗಳದ ಆಚೆ ನಾನು ಪೇರಳೆ ಮರದಲ್ಲಿದ್ದರೆ ಜಗಲಿಯಿಂದ ಲಾ ಎಂಬ ಸನ್ನೆ ಬರುತ್ತಿತ್ತು. ಕೈ ಸೋತು ಕೆಳಗೆ ಬಾಗುವ ಆ ಸನ್ನೆಗೆ ಇಳಿದು ಬಾ ಎಂದು ಅರ್ಥ. ಬಾರದಿದ್ದರೆ ಡೋ. ಡೋ ಕಂಡ ಕೂಡಲೇ ಅಮ್ಮ ಒಳಗಿನಿಂದ ಬೆಣ್ಣೆ ತಂದು ನನ್ನ ಬೆನ್ನಿಗೆ ಸವರಲು ಸಿದ್ಧವಾಗುತ್ತಿದ್ದಳು. ನಮ್ಮ ಅಜ್ಜಿ ಮಾತ್ರ ಯಾವ ಸನ್ನೆಗೂ ಬಗ್ಗಿದವಳಲ್ಲ. ಚರ್ಚಿನಲ್ಲಿ ಎಲ್ಲರೂ ಮೂರನೇ ಚರಣಕ್ಕೆ ಹೋದಾಗ ಅವಳು ಎರಡನೆಯದರ ಮಧ್ಯದಲ್ಲಿರುತ್ತಿದ್ದಳು. ದೇವರಿಗೆ ಎಂತ ಅವಸರ ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗೆ ಅಪ್ಪನಲ್ಲಿ ಸನ್ನೆ ಇರಲಿಲ್ಲ.

ಇಂಥ ವಂಶದವನಾದ ನಾನು ಹಾಡು ಆರಿಸುವ ಕೆಲಸವನ್ನು ಎಷ್ಟು ಗಂಭೀರವಾಗಿ ಮಾಡುತ್ತಿದ್ದೆ ಎಂಬುದನ್ನು ಹೇಳಬೇಕಾಗಿಲ್ಲ. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಆರಾಮ ಕುರ್ಚಿ, ಕೀರ್ತನೆ ಪುಸ್ತಕ, ಕೆಂಪು ಪೆನ್ಸಿಲು. ಯಾವುದು ಉತ್ತಮವೋ ಅದಕ್ಕೆ ಗುರುತು. ಹಾಡುವವರು ಯಾರು ಎಂಬುದು ನನಗೆ ಅಷ್ಟು ಮುಖ್ಯವಾಗಿ ಕಂಡಿರಲಿಲ್ಲ. ಉತ್ತಮವಾದದ್ದು ಎಲ್ಲರಿಗೂ ಉತ್ತಮವಲ್ಲವೇ? ಒಮ್ಮೆ ಒಂದು ಮದುವೆಗೆ ಆರು ಚರಣಗಳ ಘನವಾದ ಕೀರ್ತನೆಯನ್ನು ಆರಿಸಿದೆ. ಮದುಮಗಳು ಬಾಗಿಲಿನಿಂದ ವೇದಿಯವರೆಗೆ ನಡೆದು ಬರಲು ಒಂದೂವರೆ ಚರಣ ಸಾಕಾಯಿತು. ಉಳಿದ ನಾಲ್ಕೂವರೆ ಚರಣ ಇಬ್ಬರೂ ನಿಂತರು. ಮದುಮಗ ಓಡಿಹೋಗುವುದಿದ್ದರೆ ಬೇಕಾದಷ್ಟು ಸಮಯವಿತ್ತು. ಓಡದ್ದು ಅವನ ಸಜ್ಜನಿಕೆ. ಶಾಲೆಯ ವಾರ್ಷಿಕೋತ್ಸವಕ್ಕೆಂದು ಒಂಬತ್ತನೇ ಕ್ಲಾಸಿನ ಹುಡುಗರಿಗೆ ಎತ್ತರದ ಶ್ರುತಿಯ ದೇಶಭಕ್ತಿಯ ಹಾಡೊಂದನ್ನು ಮಳೆಗಾಲದಲ್ಲಿ ಕಲಿಸಿದೆ. ಚಳಿಗಾಲದ ಉತ್ಸವದ ಹೊತ್ತಿಗೆ ಅರ್ಧ ಹುಡುಗರ ಸ್ವರ ಒಡೆದು ಗಡಸಾಗಿತ್ತು. ತಾಯ್ನಾಡು ಎಂಬಲ್ಲಿಗೆ ಬರುವಾಗ ಕೆಲವರು ಆಕಾಶದಲ್ಲಿ, ಕೆಲವರು ಬಾವಿಯಲ್ಲಿ. ಮುಖ್ಯ ಅತಿಥಿಗಳು ಅದು ದೇಶದ ವೈವಿಧ್ಯವನ್ನು ಸೂಚಿಸುತ್ತದೆ ಎಂದು ಭಾಷಣದಲ್ಲಿ ಹೊಗಳಿದರು. ನಾನು ಎದ್ದು ಕೈಮುಗಿದೆ.

ಸುಂದರ ಮಾಸ್ಟ್ರು ಆಗ ಸುಳ್ಯದಲ್ಲಿದ್ದರು. ಅವರ ವಿಷಯ ಬರೆಯುವಾಗ ಬಹುವಚನವನ್ನು ಹಲ್ಲು ಕಚ್ಚಿ ಬಳಸುತ್ತಿದ್ದೇನೆಂದು ಓದುಗರು ತಿಳಿಯಬೇಕು. ಎಣ್ಣೆ ಹಾಕಿ ತಿರುವಿದ ಮೀಸೆ, ಬಿಳಿ ಜುಬ್ಬ, ದೊಡ್ಡ ನಗೆ. ತಾನು ಚೆನ್ನಾಗಿ ಹಾಡುತ್ತೇನೆಂದು ಅವರಿಗೆ ಗೊತ್ತಿತ್ತು. ಗೊತ್ತಿರುವುದನ್ನು ಮುಚ್ಚಿಡುವ ಅಭ್ಯಾಸ ಅವರಿಗಿರಲಿಲ್ಲ. ವರ್ಷಕ್ಕೊಮ್ಮೆ ಸುತ್ತಲಿನ ಸಭೆಗಳೆಲ್ಲ ಪುತ್ತೂರಿನಲ್ಲಿ ಸೇರಿ ಹಾಡುವ ಒಂದು ಕ್ರಮವಿತ್ತು. ನಮ್ಮವರು ಮೂವತ್ತು ಮಂದಿ, ನಾಲ್ಕು ಧ್ವನಿ, ಇಸ್ತ್ರಿ ಹಾಕಿದ ಬಟ್ಟೆ. ನಾನು ಆರಿಸಿದ್ದು ಅಂಥಿಂಥ ಕೀರ್ತನೆಯಲ್ಲ. ಕೊನೆಯ ಆಮೆನ್ ಹೊತ್ತಿಗೆ, ನಿಲ್ಲುವ ಮೊದಲೇ ಬಸ್ಸಿನಿಂದ ಧುಮುಕುವವರ ಹಾಗೆ ಬಾಸಿನವರು ಮೊದಲು ತಲಪಿದರು. ಟ್ರೆಬಲಿನವರು ಆಮೇಲೆ ಬಂದರು. ಟೆನರಿನಲ್ಲಿ ಒಬ್ಬರು ಕೊನೆಗೂ ಬರಲಿಲ್ಲ.

ನಂತರ ಸುಳ್ಯದವರು ಎದ್ದರು. ಬಸ್ಸಿನಲ್ಲಿ ಜಾಗ ಸಿಕ್ಕಿದಷ್ಟು ಮಂದಿ, ಒಂಬತ್ತೋ ಹತ್ತೋ. ಹೆಚ್ಚಿನವರು ವಯಸ್ಸಾದ ಹೆಂಗಸರು. ಸುಂದರ ಮಾಸ್ಟ್ರು ಆರಿಸಿದ್ದು ಒಂದೇ ಧ್ವನಿಯ, ನಮ್ಮ ಕಡೆ ಮಕ್ಕಳೂ ಹಾಡಬಹುದಾದ ಒಂದು ಸಣ್ಣ ಗೀತೆ. ಶ್ರುತಿ ತಗ್ಗಿಸಿ, ಮಾತಾಡುವಷ್ಟೇ ಮೆಲ್ಲಗೆ ಹಾಡಿದರು. ಚರ್ಚು ಎಷ್ಟು ನಿಶ್ಶಬ್ದವಾಯಿತೆಂದರೆ ಹೊರಗೆ ಕಟ್ಟಿದ ಎತ್ತಿನ ಗಂಟೆ ಕೇಳಿಸಿತು. ನಮ್ಮ ಸಭೆಯ ಪಾದ್ರಿಗಳಾದ ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ನಮ್ಮ ಹಾಡಿನ ಕಾಲದಲ್ಲಿ ಅಯ್ಯನವರ ಕನ್ನಡಕ ಸ್ವಚ್ಛವಾಗಿಯೇ ಇತ್ತು ಎಂಬುದನ್ನು ನಾನು ಗಮನಿಸಿದೆ.

ವರ್ಷಕ್ಕೊಮ್ಮೆಯ ಈ ಉರಿಯನ್ನು ಹೇಗೋ ಸಹಿಸಬಹುದಿತ್ತು. ಆದರೆ ಒಂದು ಜೂನಿನಲ್ಲಿ ಸುಂದರ ಮಾಸ್ಟ್ರಿಗೆ ವರ್ಗವಾಯಿತು. ಎಲ್ಲಿಗೆ? ಪುತ್ತೂರಿಗೆ. ಯಾವ ಶಾಲೆಗೆ? ನನ್ನ ಶಾಲೆಗೆ. ಮೊದಲ ಗುರುವಾರವೇ ಅಭ್ಯಾಸಕ್ಕೆ ಬಂದು, ನನ್ನ ಟೆನರಿನ ಬೆಂಚಿನಲ್ಲಿ ಕೂತು, ಸ್ಲೇಟು ಹಿಡಿದ ವಿದ್ಯಾರ್ಥಿಯ ಹಾಗೆ ವಿನಯದಿಂದ ನನ್ನನ್ನು ನೋಡಿ ನಕ್ಕರು. ಬಹಳ ದಿನಗಳಿಂದ ಖಾಲಿ ಬಿದ್ದಿದ್ದ ಕೋಣೆಯಲ್ಲಿ ದೀಪ ಹಚ್ಚಿದ ಹಾಗೆ ಟೆನರ್ ಬೆಳಗಿತು. ಎಲ್ಲರೂ ಸಂತೋಷಪಟ್ಟರು. ನಾನೂ ಪಟ್ಟೆನೆಂದು ಅಯ್ಯನವರಲ್ಲಿ ಹೇಳಿದೆ.

ಸುಂದರ ಮಾಸ್ಟ್ರು ಒಂದು ತಿಂಗಳು ಸುಮ್ಮನಿದ್ದು, ಒಂದು ದಿನ ಅಭ್ಯಾಸ ಮುಗಿದ ಮೇಲೆ ಹೊರಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು.

“ಆನಂದ ಮಾಸ್ಟ್ರೇ, ಒಂದು ಕೇಳ್ತೇನೆ, ಬೇಸರ ಮಾಡ್ಬೇಡಿ. ನಿಮ್ಮ ಆಲ್ಟೋದವ್ರು ಎಂತ ಪಾಪ ಮಾಡಿದ್ದಾರೆ ಮಾರಾಯ್ರೆ?”

ಆಲ್ಟೋದವರಿಗೆ ಅವರ ಭಾಗ ಉಂಟಲ್ಲ ಎಂದೆ.

“ಭಾಗ ಉಂಟು. ಪದ್ಯ ಎಲ್ಲುಂಟು?”

ಹಾಡು ಆರಿಸುವುದರ ಬಗ್ಗೆ ಅವರಿಗೊಂದು ಸಿದ್ಧಾಂತವಿತ್ತು. ಪುಸ್ತಕವನ್ನು ಕೊನೆಗೆ ತೆರೆಯಬೇಕಂತೆ. ಮೊದಲು ಹಾಡುವವರ ಜೊತೆ ಕೂತು ಚಾ ಕುಡಿಯಬೇಕು, ಅವರು ಮಾತಾಡುವುದನ್ನು, ಸಾಧ್ಯವಾದರೆ ಜಗಳಾಡುವುದನ್ನು ಕೇಳಬೇಕು. ಮಾತಿನ ಸ್ವರ ಎಲ್ಲಿ ಆರಾಮವಾಗಿ ಕೂತಿದೆಯೋ ಅದರ ಹತ್ತಿರದಲ್ಲೇ ಅವರ ಹಾಡು ಇರುತ್ತದಂತೆ. ಸುಳ್ಯದ ಮುದುಕಿಯರು ಸಂಜೆ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತ ಮಾತಾಡುವ ಸ್ವರವೇ ಆ ವರ್ಷದ ಹಾಡಿನ ಶ್ರುತಿಯಾಗಿತ್ತಂತೆ. ಇದನ್ನು ಕೇಳಿ ನಾನು ಬಹಳ ಸರಳವಾಗಿದೆ ಎಂದೆ. ಬಹಳ ಸರಳವಾಗಿಯೇ ಇತ್ತು. ನನಗೆ ಹೊಳೆದಿರಲಿಲ್ಲ ಎಂಬುದೇ ಅದರ ದೋಷ.

ಆ ವರ್ಷ ಪೇಟೆಯ ಮಹಿಳಾ ಸಮಾಜದವರು ಒಂದು ಸಮಾರಂಭಕ್ಕೆ ಹಾಡು ಬೇಕೆಂದು ಕೇಳಿದರು. ದೇವರ ಹಾಡಲ್ಲ, ಎಲ್ಲ ಜಾತಿಯವರೂ ಬರುತ್ತಾರೆ, ಊರಿನ ಹಾಡಾಗಬೇಕು. ಕೆಂಪು ಪೆನ್ಸಿಲ್ ಹಿಡಿದು ಹುಡುಕಿದೆ; ನನ್ನ ಪುಸ್ತಕಗಳಲ್ಲಿ ಊರು ಇರಲಿಲ್ಲ. ಸುಂದರ ಮಾಸ್ಟ್ರು ಹುಡುಕಲೇ ಇಲ್ಲ. ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವ ಹೆಂಗಸರ ಹಾಡಿನ ಧಾಟಿಯೊಂದನ್ನು ತೆಗೆದುಕೊಂಡರು. ಒಬ್ಬಳು ತಗ್ಗಿನ ಗಟ್ಟಿ ದನಿಯಲ್ಲಿ ಸಾಲು ಹೇಳುವುದು, ಉಳಿದವರು ಬಾಗಿದಲ್ಲಿಂದಲೇ ಉತ್ತರ ಕೊಡುವುದು, ಅಂಥ ಹಾಡು. ಇದಕ್ಕೆ ಎತ್ತರದ ಕಂಠ ನಡೆಯುವುದಿಲ್ಲ, ಕೆಸರಿನಲ್ಲಿ ನಿಂತವರ ಕಂಠ ಬೇಕು ಎಂದು ಹೇಳಿ, ಟ್ರೆಬಲಿನವರನ್ನು ಉತ್ತರಕ್ಕೆ ನಿಲ್ಲಿಸಿ, ಸಾಲು ಹೇಳಲು ಮಾರ್ತಾಳನ್ನು ಕರೆದರು. ಮಾರ್ತಾ ಮೊದಲು ನನ್ನ ಮುಖ ನೋಡಿದಳು. ನಾನು ಉದಾರವಾಗಿ ತಲೆಯಾಡಿಸಿದೆ. ಅವಳು ಹೇಗೆ ಹಾಡಿಯಾಳು ಎಂಬುದು ನನಗೆ ಗೊತ್ತಿತ್ತು, ಅಂದರೆ ಗೊತ್ತಿದೆ ಎಂದುಕೊಂಡಿದ್ದೆ.

ಹಾಡಿದಳು. ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದ ಯಾರೋ ಒಬ್ಬಾಕೆ, ಗದ್ದೆಗೆ ಇಳಿದು ಗೊತ್ತಿದ್ದವಳೇ ಇರಬೇಕು, ತನ್ನಷ್ಟಕ್ಕೆ ಎದ್ದು ನಿಂತು ಉತ್ತರ ಕೊಟ್ಟಳು. ಆಮೇಲೆ ಆ ಸಾಲೇ ಉತ್ತರ ಕೊಟ್ಟಿತು. ನಾನು ಹಾರ್ಮೋನಿಯಮ್ಮಿನ ತಿದಿ ಒತ್ತುತ್ತಿದ್ದೆ. ಅದರ ಅಗತ್ಯವಿರಲಿಲ್ಲ, ಯಾರೂ ನಿಲ್ಲಿಸಿ ಎಂದು ಹೇಳಲಿಲ್ಲವಾದ್ದರಿಂದ ಒತ್ತಿದೆ.

ವಿಷಯ ಅಲ್ಲಿಗೆ ಮುಗಿದಿದ್ದರೆ ಈ ಪ್ರಬಂಧವೂ ಅಲ್ಲಿಗೆ ಮುಗಿಯುತ್ತಿತ್ತು. ಮರುದಿನ ಬೆಳಿಗ್ಗೆ ಮಾರ್ತಾ ಬಟ್ಟೆ ಹಿಂಡುತ್ತ ಏನನ್ನೋ ಗುನುಗುತ್ತಿದ್ದಳು. ಎಂತ ಅದು ಎಂದೆ. ನಿನ್ನೆಯದ್ದಲ್ಲವಾ, ಸುಂದರ ಮಾಸ್ಟ್ರ ನೇಜಿ ಪದ್ಯ ಎಂದಳು. ಒಲೆ ಊದುವಾಗ ಅದೇ. ಹಾಸಿಗೆ ಮಡಚುವಾಗ ಅದೇ. ಇಷ್ಟು ವರ್ಷ ನನ್ನ ಮಂಡಳಿಯಲ್ಲಿ ಹಾಡಿದ ಹೆಂಗಸು. ಉತ್ತಮೋತ್ತಮವಾದ ಕೀರ್ತನೆಗಳನ್ನು ಆರಿಸಿ ಆರಿಸಿ ಅವಳ ಬಾಯಿಗೆ ಹಾಕಿದ್ದೆ. ಅದರಲ್ಲಿ ಒಂದನ್ನಾದರೂ ಮನೆಯಲ್ಲಿ ಗುನುಗಿದ್ದು ನನಗೆ ನೆನಪಿಲ್ಲ. ಪರಪುರುಷನ ಪತ್ರ ಹೆಂಡತಿಯ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಹರಿದು ಹಾಕಬಹುದು. ಪರಪುರುಷನ ಹಾಡು ಹೆಂಡತಿಯ ಬಾಯಲ್ಲಿ ಸಿಕ್ಕಿದರೆ ಏನು ಮಾಡುವುದು?

ಊರು ಸಹ ಸುಮ್ಮನಿರಲಿಲ್ಲ. ನಾವು ಅಭ್ಯಾಸ ಮಾಡುತ್ತಿದ್ದ ಚರ್ಚ್ ಹಾಲಿನ ಎದುರಿಗೆ ಮೊಯ್ದಿನ್ ಬ್ಯಾರಿಗಳ ಜವಳಿ ಅಂಗಡಿ. ನನ್ನ ಗುರುವಾರಗಳನ್ನೆಲ್ಲ ಅವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೇಳಿದವರು. ಒಳ್ಳೆಯದು ಕೆಟ್ಟದ್ದು ಎಂದು ಒಂದು ಮಾತು ಹೇಳಿದವರಲ್ಲ. ನಾನು ಅದನ್ನು ಮೌನ ಮೆಚ್ಚುಗೆ ಎಂದು ಬಗೆದಿದ್ದೆ. ಆ ವಾರ ಅಂಗಿಬಟ್ಟೆಗೆಂದು ಹೋದರೆ ಬಟ್ಟೆ ಅಳೆಯುತ್ತ ಅದೇ ನೇಜಿ ಧಾಟಿಯನ್ನು ಮೂಗಿನಲ್ಲಿ ಹಾಡುತ್ತಿದ್ದಾರೆ.

“ಮಾಸ್ಟ್ರೇ, ಈಗ ನಿಮ್ಮ ಪದ್ಯ ಭಾರೀ ಲಾಯಿಕುಂಟು,” ಎಂದರು. “ಮೊದ್ಲು ನಿಮ್ಗೆ ಎಂತ ಆಗಿತ್ತು?”

ಅಂಗಿಬಟ್ಟೆ ಬೇಡವೆಂದು ಬಂದೆ.

ಆ ಸಂಜೆ ಆರಾಮ ಕುರ್ಚಿಯಲ್ಲಿ ಕೂತು ಒಂದು ಪ್ರತಿಜ್ಞೆ ಮಾಡಿದೆ. ಪುರಾಣದವರ ಪ್ರತಿಜ್ಞೆಗಳ ಎದುರಿಗೆ ಇದು ಸಣ್ಣದು. ನಾನು ಆರಿಸಿದ ಹಾಡೊಂದನ್ನು ಮಾರ್ತಾ ಈ ಮನೆಯಲ್ಲಿ, ಯಾರೂ ಹೇಳದೆ, ತಾನಾಗಿ ಗುನುಗಬೇಕು. ಅಲ್ಲಿಯವರೆಗೆ ನಾನು ಗಾಯನ ನಾಯಕ ಎಂಬ ಹೆಸರಿಗೆ ಯೋಗ್ಯನಲ್ಲ, ಬಹುಶಃ ಗಂಡ ಎಂಬ ಹೆಸರಿಗೂ.

ಅವಕಾಶ ಬೇಗ ಬಂತು. ಕಡಬದ ಕಡೆ ಆ ಕಾಲದಲ್ಲಿ ತಿರುವಾಂಕೂರಿನಿಂದ ಬಂದ ಕುಟುಂಬಗಳು ಕಾಡು ಸವರಿ ರಬ್ಬರು, ಮರಗೆಣಸು ಹಾಕಿಕೊಂಡು ನೆಲೆಯಾಗುತ್ತಿದ್ದವು. ಮಲಯಾಳದ ಕ್ರೈಸ್ತರು. ಅವರು ಹೊಸತಾಗಿ ಒಂದು ಪ್ರಾರ್ಥನಾ ಮಂದಿರ ಕಟ್ಟಿ, ಪ್ರತಿಷ್ಠೆಯ ದಿನ ಹಾಡಲು ಪುತ್ತೂರಿನವರು ಬರಬೇಕೆಂದು ಅಯ್ಯನವರಿಗೆ ಹೇಳಿ ಕಳುಹಿಸಿದರು. ಎರಡು ಹಾಡು. ಒಂದನ್ನು ನಾನು ನಡೆಸುವುದು, ಇನ್ನೊಂದನ್ನು ಸುಂದರ ಮಾಸ್ಟ್ರು ನಡೆಸಲಿ ಎಂದು ಅಯ್ಯನವರು ನ್ಯಾಯ ತೀರಿಸಿದರು. ಅಯ್ಯನವರು ನ್ಯಾಯವಂತರು, ಅದೊಂದೇ ಅವರಲ್ಲಿ ನನಗೆ ಹಿಡಿಸದ ಗುಣ.

ಈ ಸಲ ನಾನು ಆರಿಸಿದ್ದು ಎಲ್ಲರಿಗೂ ಗೊತ್ತಿರುವ, ಕೇಳಿದ ಕೂಡಲೇ ಮನಸ್ಸು ಹಿಡಿಯುವ ಒಂದು ಹಳೆಯ ಸ್ತುತಿ. ಅದರ ರಾಗವನ್ನು ಟ್ರೆಬಲಿನಿಂದ ಕಿತ್ತು ಆಲ್ಟೋಕ್ಕೆ ಕೊಟ್ಟೆ. ಮೊದಲ ಚರಣವನ್ನು ಮಾರ್ತಾ ಒಬ್ಬಳೇ ಹಾಡಬೇಕು, ಉಳಿದವರು ಬಾಯಿ ಮುಚ್ಚಿ ಹಿನ್ನೆಲೆಯಲ್ಲಿ ಮೊರೆಯಬೇಕು. ಟ್ರೆಬಲಿನವರ ಮುಂದಾಳು ಗ್ರೇಸಿ, ನಮ್ಮ ಹಿತ್ತಲಿನ ಬಾವಿಯ ಪಾಲುದಾರಳು, ಆಸ್ಪತ್ರೆಯ ನರ್ಸು. ಅವಳು ಇದನ್ನು ಕೇಳಿ, ಹಾಗಾದರೆ ನಾವು ಕಡಬಕ್ಕೆ ಬರುವುದು ಮರಗೆಣಸು ತಿನ್ನಲಿಕ್ಕಾ ಎಂದು ಕೇಳಿದಳು. ಕಲೆಗಾಗಿ ಕೆಲವರು ತ್ಯಾಗ ಮಾಡಬೇಕಾಗುತ್ತದೆ ಎಂದೆ. ಒಂದು ತಿಂಗಳು ಮಾರ್ತಾಳಿಗೆ ಕಲಿಸಿದೆ. ಅಭ್ಯಾಸದಲ್ಲಿ ಅದ್ಭುತವಾಗಿ ಹಾಡಿದಳು. ಮನೆಗೆ ಬಂದು ನೇಜಿ ಪದ್ಯ ಗುನುಗಿದಳು. ಪರವಾಗಿಲ್ಲ, ಪ್ರತಿಷ್ಠೆ ಆಗಲಿ ಎಂದು ಕಾದೆ.

ಕುಮಾರಧಾರೆಯನ್ನು ದೋಣಿಯಲ್ಲಿ ದಾಟಬೇಕು. ಹಾರ್ಮೋನಿಯಂ ನೀರಿಗೆ ಬಿದ್ದೀತೆಂದು ಸುಂದರ ಮಾಸ್ಟ್ರು ಅದನ್ನು ತೊಡೆಯ ಮೇಲೆ ಮಗುವಿನಂತೆ ಹಿಡಿದು ಕೂತು, ದೋಣಿಯವನ ಹತ್ತಿರ ಅವನು ಹುಟ್ಟು ಹಾಕುವ ಲಯದ ಬಗ್ಗೆ ವಿಚಾರಿಸುತ್ತಿದ್ದರು. ಆ ಕಡೆ ಇಳಿದು ನಡೆದು ಮುಟ್ಟುವಾಗ ಮಂದಿರದ ಅಂಗಳದಲ್ಲಿ ಜನವೋ ಜನ. ನಮ್ಮನ್ನು ಕೂರಿಸಿ ಬೆಂದ ಮರಗೆಣಸು, ಖಾರದ ಚಟ್ನಿ, ಹಾಲಿಲ್ಲದ ಕಟ್ಟಂಚಾಯ ಕೊಟ್ಟರು. ನಾನು ಮೂಲೆಯಲ್ಲಿ ಕೂತು ಹಾಡಿನ ಹಾಳೆಗಳನ್ನು ಜೋಡಿಸಿದೆ. ಸುಂದರ ಮಾಸ್ಟ್ರು ಆ ಜನರ ಮಧ್ಯೆ ಕೂತು, ಬಾರದ ಮಲಯಾಳದಲ್ಲಿ ಹರಟೆ ಹೊಡೆದು, ಎರಡು ಸಲ ಮರಗೆಣಸು ಬಡಿಸಿಕೊಂಡರು.

ಆರಾಧನೆ ಸುರುವಾಯಿತು. ನಾನು ಕೈ ಎತ್ತಿದೆ. ಮಾರ್ತಾ ಮೊದಲ ಸಾಲನ್ನು ಹಾಡಿದಳು. ಎಷ್ಟು ಚೆನ್ನಾಗಿತ್ತೆಂದರೆ ನಾನು ಕಣ್ಣು ಮುಚ್ಚಿದೆ. ಅದೇ ತಪ್ಪಾಯಿತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ನನ್ನ ಬೆನ್ನ ಹಿಂದೆ ಗುಡ್ಡ ಕುಸಿದ ಹಾಗೆ ಒಂದು ಸದ್ದು ಎದ್ದಿತು. ರಾಗ ಅವರಿಗೂ ಗೊತ್ತಿದ್ದದ್ದೇ. ಅವರ ಭಾಷೆಯಲ್ಲಿ ಅದೇ ಸ್ತುತಿ ಉಂಟು. ಗಂಡಸರು, ಹೆಂಗಸರು, ಮಕ್ಕಳು, ಇಡೀ ಮಂದಿರ ಎದ್ದು ನಿಂತು ಚಪ್ಪಾಳೆ ಹಾಕುತ್ತ ಮಲಯಾಳದಲ್ಲಿ ಹಾಡಿತು. ಚರಣದಿಂದ ಚರಣಕ್ಕೆ ವೇಗ ಹೆಚ್ಚಿತು. ಮಾರ್ತಾಳ ತುಟಿ ಅಲ್ಲಾಡುವುದು ಕಾಣುತ್ತಿತ್ತು. ನಾನು ಕೈ ಬೀಸಿದೆ, ತಡೆದೆ, ಕೊನೆಗೆ ಅಪ್ಪನ ಡೋ ಸನ್ನೆ ಮಾಡಿ ಮುಷ್ಟಿ ತೋರಿಸಿದೆ. ಅವರು ಅದನ್ನು ಉತ್ಸಾಹವೆಂದು ತಿಳಿದು ಇನ್ನಷ್ಟು ಗಟ್ಟಿಯಾಗಿ ಹಾಡಿದರು.

ಮುಗಿದ ಮೇಲೆ ಅಲ್ಲಿನ ಹಿರಿಯರೊಬ್ಬರು, ಕುರಿಯಚ್ಚನ್ ಎಂದು ಹೆಸರು, ಬೆವರು ಒರೆಸುತ್ತ ಬಂದು ನನ್ನ ಎರಡೂ ಕೈ ಹಿಡಿದರು.

“ಸಾರೇ, ಪಾಟ್ಟು ಬಹಳ ಜೋರಾಯಿತು. ಪಾಪ, ಆ ಅಮ್ಮನನ್ನು ಒಬ್ಬಳೇ ಬಿಟ್ಟರಲ್ಲ ನಿಮ್ಮವರು. ಅತಿಥಿ ಒಬ್ಬಳೇ ಹಾಡುವಾಗ ನಾವು ಸುಮ್ಮನೆ ಕೂರುದು ಮರ್ಯಾದೆಯಾ?”

ಇದು ಅವರ ಕ್ರಮ. ಒಬ್ಬರನ್ನೇ ಊಟಕ್ಕೆ ಕೂರಿಸಿ ಉಳಿದವರು ನೋಡುತ್ತ ನಿಲ್ಲುವುದು ಹೇಗೆ ಅಸಭ್ಯವೋ ಹಾಗೆ, ಗೊತ್ತಿರುವ ಹಾಡನ್ನು ಒಬ್ಬರ ಕೈಯಲ್ಲೇ ಹಾಡಿಸಿ ಕೇಳುತ್ತ ಕೂರುವುದೂ ಅಸಭ್ಯ. ಅವರ ನಡುವೆ ಎರಡು ತುಂಡು ಮರಗೆಣಸು ತಿಂದಿದ್ದರೆ ನನಗೂ ಇದು ತಿಳಿಯುತ್ತಿತ್ತು. ತಿಂದವರಿಗೆ ತಿಳಿದಿತ್ತು. ಸುಂದರ ಮಾಸ್ಟ್ರು ಎದ್ದು, ನಿಮಗ್ಯಾರಿಗೂ ಗೊತ್ತಿಲ್ಲದ ಒಂದು ಹಾಡನ್ನು ಆರಿಸಿದ್ದೇನೆ, ಇದರಲ್ಲಿ ನಿಮಗೆ ಒಂದೇ ಸಾಲು ಎಂದು ಹೇಳಿ, ಆ ಸಾಲನ್ನು ಮೊದಲು ಸಭೆಗೆ ಕಲಿಸಿ, ಬೆರಳು ತೋರಿಸಿದಾಗ ಮಾತ್ರ ಹಾಡಿಸಿದರು. ಅವರ ಪಾಲು ಅವರಿಗೆ ಸಿಕ್ಕಿತು. ನಮ್ಮವರು ಹಾಡುವಾಗ ಆ ಜನಸ್ತೋಮ ತನ್ನ ಸರದಿಗಾಗಿ ಉಸಿರು ಹಿಡಿದು ಕಾಯುತ್ತಿತ್ತು. ಎಷ್ಟು ಸುಲಭ. ಎಷ್ಟು ಅಸಹ್ಯವಾಗಿ ಸುಲಭ.

ಹಿಂದಿರುಗುವಾಗ ದೋಣಿಯಲ್ಲಿ ಮಾರ್ತಾ ನನ್ನ ಪಕ್ಕ ಕೂತಿದ್ದಳು. ಬೇಸರವಾಯಿತಾ ಎಂದು ಕೇಳಿದೆ. ಎಂತದಕ್ಕೆ, ಒಬ್ಬಳೇ ಹಾಡುವುದು ಎಂದು ನಿನ್ನೆಯಿಂದ ನಿದ್ದೆ ಬಂದಿರಲಿಲ್ಲ, ಅವರು ಸೇರಿದ್ದು ದೇವರು ಸೇರಿದ ಹಾಗಾಯಿತು ಎಂದು ನಕ್ಕಳು. ಆಮೇಲೆ ನೀರಿಗೆ ಕೈ ಇಳಿಬಿಟ್ಟು ಗುನುಗತೊಡಗಿದಳು. ನೇಜಿ ಪದ್ಯ. ಎದುರಿನ ಹಲಗೆಯಲ್ಲಿ ಹಾರ್ಮೋ‌ನಿಯಂ ಅಪ್ಪಿಕೊಂಡಿದ್ದ ಸುಂದರ ಮಾಸ್ಟ್ರು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು. ನನಗೆ ಈಜು ಬರುತ್ತಿದ್ದರೆ ಅಲ್ಲಿಯೇ ಇಳಿದು ಹೋಗುತ್ತಿದ್ದೆ.

ಮನೆಯಲ್ಲಿ ನಾನು ಹಾಡಿನ ವಿಷಯ ಎತ್ತುವುದನ್ನೇ ಬಿಟ್ಟೆ. ಪ್ರತಿಜ್ಞೆ ಮಾಡಿದವನಿಗೆ ಸೋಲೊಪ್ಪುವ ವಿಧಾನ ಯಾವ ಪುರಾಣದಲ್ಲಿಯೂ ಸ್ಪಷ್ಟವಾಗಿಲ್ಲ. ಕೆಲವು ದಿನ ಕಳೆದು ಒಂದು ಸಂಜೆ ಜಗಲಿಯಲ್ಲಿ ಕೂತು ಮಕ್ಕಳ ಭೂಗೋಳದ ಉತ್ತರಗಳನ್ನು ತಿದ್ದುತ್ತಿದ್ದೆ. ಒಬ್ಬ ನೇತ್ರಾವತಿಯನ್ನು ಬಂಗಾಳ ಕೊಲ್ಲಿಗೆ ಸೇರಿಸಿದ್ದ. ಒಳಗೆ ಮಾರ್ತಾ ಕಡೆಯುವ ಕಲ್ಲಿನ ಎದುರು ಕೂತು ನಾಳೆಯ ದೋಸೆಗೆ ಅರೆಯುತ್ತಿದ್ದಳು. ಕಲ್ಲಿನ ಗುಂಯ್ ಎಂಬ ಸದ್ದು, ಆ ಮನೆಗೆ ಬಂದಂದಿನಿಂದ ಕೇಳಿ ಕೇಳಿ ಕಿವಿಗೆ ಬೀಳದೇ ಹೋಗಿದ್ದ ಸದ್ದು. ಹೆಚ್ಚಾದಾಗ, ಮಾರ್ತಾ, ಸ್ವಲ್ಪ ಮೆಲ್ಲ, ಪೇಪರು ತಿದ್ದುತ್ತಾ ಇದ್ದೇನೆ ಎಂದು ಕೂಗಿ ಹೇಳುವುದು ನನ್ನ ರೂಢಿ.

ಆಗ ಗ್ರೇಸಿ ಆಸ್ಪತ್ರೆಯಿಂದ ಬಂದು ಬಾವಿಗೆ ಕೊಡ ಇಳಿಸಿದಳು. ಹಗ್ಗ ಎಳೆಯುತ್ತ, ಯಾವ ಲಹರಿಯಲ್ಲಿದ್ದಳೋ, ನಾನು ಮಂಡಳಿಗೆ ಮೊಟ್ಟಮೊದಲು ಕಲಿಸಿದ್ದ ಒಂದು ಸಂಧ್ಯಾ ಕೀರ್ತನೆಯ ಟ್ರೆಬಲನ್ನು ಎತ್ತಿಕೊಂಡಳು. ಎರಡು ಸಾಲು ಆಗಿರಬಹುದು. ನನ್ನ ಪೆನ್ಸಿಲು ನಿಂತಿತು. ಗ್ರೇಸಿಯ ರಾಗದ ಕೆಳಗೆ, ಅದಕ್ಕೆ ಹೇಳಿ ಮಾಡಿಸಿದ ಹಾಗೆ, ಇನ್ನೊಂದು ಸ್ವರ ಹೋಗುತ್ತಿತ್ತು. ಸೋ ಸೋ ಸೋ. ಲಾ. ಸೋ. ಅದು ಕಲ್ಲಿನ ಸದ್ದಲ್ಲ.

ಒಳಗೆ ಹೋದೆ. ಮಾರ್ತಾ ಒಂದು ಕೈಯಲ್ಲಿ ಗುಂಡುಕಲ್ಲು ತಿರುಗಿಸುತ್ತ, ಇನ್ನೊಂದರಿಂದ ಹಿಟ್ಟು ನೂಕುತ್ತ, ಬಾಯಿ ತೆರೆಯದೆ ಗುನುಗುತ್ತಿದ್ದಳು. ಬಾವಿಯ ಕಡೆ ಅವಳ ಗಮನವೂ ಇರಲಿಲ್ಲ.

“ಎಂತ ಅದು ನೀನು ಗುನುಗುದು?”

“ಎಂತದು?” ಎಂದು ಅವಳೂ ಒಮ್ಮೆ ಕಿವಿಗೊಟ್ಟು ನೋಡಿದಳು. “ಓ, ಅದಾ. ನಿಮ್ಮ ಪದ್ಯ ಅಲ್ವಾ. ಸಂಜೆಯದ್ದು.”

ಯಾವಾಗಿನಿಂದ ಎಂದು ಕೇಳಿದೆ. ಯಾವಾಗಲೂ, ಕಡೆಯುವಾಗ ಅದೇ ಬರುವುದು, ನೀವು ದಿನಾ ಮೆಲ್ಲ ಮೆಲ್ಲ ಎಂದು ಗದರುತ್ತೀರಲ್ಲ ಎಂದಳು. ಗಾಯನ ನಾಯಕನಾದವನು ಆ ಹೊತ್ತಿಗೆ ಹೇಳಬೇಕಾದ ಮಾತುಗಳು ಬಹಳವಿದ್ದವು. ನಾನು ಕೇಳಿದ್ದು ಬೇರೆ.

“ಹಾಗಾದ್ರೆ ಸುಂದರ ಮಾಸ್ಟ್ರದ್ದು?”

ಅವಳು ಕಲ್ಲು ನಿಲ್ಲಿಸಲಿಲ್ಲ. “ಅದು ಚಂದ ಉಂಟು. ನೆನಪು ಮಾಡಿ ಮಾಡಿ ಹೇಳುದು ಅದನ್ನು. ಇದು ಬಾಯಲ್ಲಿ ಉಂಟಂತ್ಲೇ ನಂಗೆ ಗೊತ್ತಿರುದಿಲ್ಲ.”

ಇದು ಹೊಗಳಿಕೆಯೋ ಅಲ್ಲವೋ ಎಂಬುದನ್ನು ನಾನು ಬಾಗಿಲ ದಾರಂದಕ್ಕೆ ಒರಗಿ ಸ್ವಲ್ಪ ಹೊತ್ತು ವಿಚಾರ ಮಾಡಿದೆ. ತೀರ್ಮಾನಕ್ಕೆ ಬರಲು ಇವತ್ತಿಗೂ ಆಗಿಲ್ಲ. ಅಷ್ಟರಲ್ಲಿ ಗ್ರೇಸಿ ಎರಡನೇ ಚರಣಕ್ಕೆ ಬಂದಳು. ಕಡೆಯುವ ಕಲ್ಲಿನ ಹತ್ತಿರ ಆಲ್ಟೋ ತನ್ನಷ್ಟಕ್ಕೆ ಸೋ ಸೋ ಎಂದು ಸಾಗಿತ್ತು. ನಾನು ಗಂಟಲು ಸರಿಮಾಡಿಕೊಂಡು, ನಿಂತಲ್ಲಿಂದಲೇ, ಮೆಲ್ಲಗೆ ಬಾಸ್ ಸೇರಿಸಿದೆ. ಗ್ರೇಸಿ ಬೆಚ್ಚಿಬಿದ್ದಿರಬೇಕು, ಬಾವಿಯೊಳಗೆ ಕೊಡ ಒಮ್ಮೆ ಢಣ್ಣೆಂದಿತು. ಆದರೆ ಹಾಡು ನಿಲ್ಲಿಸಲಿಲ್ಲ. ಮಾರ್ತಾ ತಲೆ ಎತ್ತದೆ ಹಿಟ್ಟು ನೂಕಿದಳು. ಹಾಗೆ ಆ ಕೀರ್ತನೆಯನ್ನು ನಾವು ಮೂವರೂ ಕೊನೆಯ ಆಮೆನ್‌ವರೆಗೆ ಹಾಡಿದೆವು, ಎಲ್ಲರೂ ಒಟ್ಟಿಗೇ ತಲಪಿದೆವು.

ಟೆನರ್ ಇರಲಿಲ್ಲ. ಅದರ ಕೊರತೆಯೂ ಕಾಣಲಿಲ್ಲ.